ನಮ್ಮ ಮನೆಯಲ್ಲಿದ್ದ ಅಕ್ಷರಗಳು

ನಮ್ಮ ಮನೆಯ ಕಂಪ್ಯೂಟರ್ ಆನ್ ಮಾಡಿದರೆ ಮೊದಲು ಕಾಣುವುದು "ಬನ್ನಿ" ಎಂಬ ಒಂದು ಮಾತು. ಅದರ ಕೆಳಗೆ ಮೂರು ಹೆಸರುಗಳು. ಒಂದು ಯಜಮಾನರದು, ಒಂದು ನನ್ನದು, ಮೂರನೆಯದು ಪಕ್ಕದ ರೂಮಿನಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳದು. ಅವಳು ರೂಮು ಬಿಟ್ಟು ಹೋಗಿ ಬಹಳ ದಿನವಾಯಿತು. ಹೆಸರು ಮಾತ್ರ ಅಲ್ಲೇ ಇದೆ. ಬೆಳಿಗ್ಗೆ ಪಂಚಾಂಗ ನೋಡಲೆಂದು ಕೂತಾಗ, ನನ್ನ ಹೆಸರನ್ನು ಒತ್ತುವ ಮೊದಲು ಕಣ್ಣು ಒಮ್ಮೆ ಕೆಳಗಿಳಿದು ಅವಳ ಹೆಸರನ್ನು ಮುಟ್ಟಿ ಬರುತ್ತದೆ.

ಈ ಪರದೆಗೂ ನಮ್ಮ ಮನೆಗೂ ಒಂದು ನಂಟಿದೆ. ನಮ್ಮ ಯಜಮಾನರು ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುವವರು. ವಾರವಿಡೀ ಸ್ಕೂಟರಿನಲ್ಲಿ ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಓಡಾಟ. ಸಂಜೆ ನಾಗಸಂದ್ರದ ನಮ್ಮ ಮನೆಗೆ ಬರುವಾಗ ಅವರ ಅಂಗಿಯಲ್ಲಿ ಕಬ್ಬಿಣದ ವಾಸನೆ ಇರುತ್ತದೆ. ಅದು ಹೊಟ್ಟೆಪಾಡಿನ ಕೆಲಸ. ಭಾನುವಾರದ ಕೆಲಸವೇ ಬೇರೆ. ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ. ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಒಂದು ಕಂಪ್ಯೂಟರ್ ವ್ಯವಸ್ಥೆ ಇದೆ. ಅದನ್ನು ಹಾಕಿಕೊಂಡವರಿಗೆ ಬಾಗಿಲಲ್ಲಿ ಎದುರಾಗಿ "ನೀವು ಯಾರು, ಗುಪ್ತಪದ ಹೇಳಿ, ಒಳಗೆ ಬನ್ನಿ" ಎನ್ನುವ ಪರದೆಯ ಪ್ರೋಗ್ರಾಮು ಒಂದಿದೆ. ಅದನ್ನು ಬರೆದವನು ಯಾವುದೋ ದೂರದ ದೇಶದವನು. ಇವರು ಬರೆಯುವುದಿಲ್ಲ, ಪ್ಯಾಕೇಜ್ ಮಾಡುತ್ತಾರೆ.

ಹಾಗೆಂದರೇನು ಎಂದು ನಾನು ಕೇಳಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ.

"ಅಡುಗೆ ಮಾಡೋನು ಬೇರೆ ಕಣೇ. ನಾನು ಬುತ್ತಿ ಕಟ್ಟೋನು" ಅಂದರು.

"ಕಟ್ಟೋದಕ್ಕೆ ಇಡೀ ಭಾನುವಾರ ಬೇಕಾ? ನಾನು ನಿಮಗೆ ದಿನಾ ಕಟ್ಟಲ್ವಾ?"

"ನೀನು ಕಟ್ಟೋದು ನನ್ನೊಬ್ಬನಿಗೆ. ನಾನು ಕಟ್ಟೋದು ಯಾರು ತಿಂತಾರೋ ಗೊತ್ತಿಲ್ಲದೋರಿಗೆ. ಅವರ ಮನೇಲಿ ತಟ್ಟೆ ಇದೆಯೋ ಇಲ್ವೋ, ನೀರಿದೆಯೋ ಇಲ್ವೋ, ಎಲ್ಲಾ ನಾನೇ ಯೋಚನೆ ಮಾಡ್ಬೇಕು. ಇದ್ರ ಜೊತೆ ಇದೂ ಬೇಕು ಅಂತ ಬರೆದು ಕಳಿಸಿದ್ರೆ ಅದೂ ತಾನಾಗೇ ಹೋಗಿ ಕೂತ್ಕೊಳ್ಳುತ್ತೆ. ಬರೀಲಿಲ್ಲ ಅಂದ್ರೆ ಹೋಗಲ್ಲ."

ಆ ಮಾತು ನನಗೆ ಅರ್ಥವಾಯಿತು. ಅಂದಿನಿಂದ ಭಾನುವಾರ ಕಂಪ್ಯೂಟರಿನ ಮುಂದೆ ಕೂತವರಿಗೆ ಗೊಣಗದೆ ಕಾಫಿ ಕೊಟ್ಟು ಬರುತ್ತಿದ್ದೆ.

ಆ ಪರದೆಗೆ ಕನ್ನಡ ಹಾಕಬೇಕೆಂದು ಅವರಿಗೆ ಹಟ ಹುಟ್ಟಿದ್ದು ಆಮೇಲೆ. ನಾನು ಹುರುಳಿಕಾಯಿ ನಾರು ತೆಗೆಯುತ್ತ ಕೂತಿರುವಾಗ ಒಂದೊಂದೇ ಮಾತು ಕೇಳುವರು.

"ಶಟ್ ಡೌನ್‌ಗೆ ಏನ್ ಹಾಕ್ಲಿ? 'ಮುಚ್ಚು' ಸಾಕಾ?"

"ಶುಭ ನುಡಿಯೋಕೆ ಬರಲ್ವೇನ್ರೀ ನಿಮಗೆ? ದೀಪ ಆರಿಸು ಅಂತೀವಾ ನಾವು? ಶಾಂತ ಮಾಡು ಅಂತೀವಿ. ಅದನ್ನೇ ಹಾಕಿ."

"ಕಂಪ್ಯೂಟರ್ ಏನು ಅಳ್ತಾ ಇದೆಯಾ ಶಾಂತ ಮಾಡೋಕೆ?"

"ನಿಮ್ಮ ಕೈಗೆ ಸಿಕ್ಕಿದ್ಮೇಲೆ ಅಳದೆ ಇರುತ್ತಾ?"

ವೆಲ್‌ಕಮ್ ಎನ್ನುವುದಕ್ಕೆ ಅವರು "ಸುಸ್ವಾಗತ" ಎಂದು ಬರೆದಿದ್ದರು. ಅದು ಮದುವೆ ಛತ್ರದ ಕಮಾನಿನ ಮಾತು, ಮನೆಗೆ ಬಂದವರಿಗೆ ಯಾರಾದರೂ ಸುಸ್ವಾಗತ ಅಂತಾರಾ, ಬನ್ನಿ ಅಂತಾರೆ ಅಂದೆ. ಒಳಗಿದ್ದವರು ಕೆಲಸ ಮುಗಿಸಿ ಹೊರಗೆ ಬರುವುದಕ್ಕೆ "ಹೋಗಿ ಬರುವೆ" ಎಂದಾಯಿತು. ಮಾತುಗಳನ್ನು ನೋಡಿ ಒಪ್ಪುವ ಹಿರಿಯರ ಗುಂಪೊಂದು ಇದೆಯಂತೆ, ಇಂಟರ್‌ನೆಟ್ಟಿನಲ್ಲಿ. ಅವರು "ಶಾಂತ ಮಾಡು" ಬೇಡ, "ಹೋಗಿ ಬರುವೆ" ಬೇಡ ಅಂದರು. "ಬನ್ನಿ" ಇರಲಿ ಅಂದರು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಇವರು ನನ್ನ ಮಾತುಗಳನ್ನೆಲ್ಲ ಉಳಿಸಿಕೊಟ್ಟರು. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ಅವನಿಗೇ ಬಾಯಿಬಿಟ್ಟು ಹೇಳುವ ಅಭ್ಯಾಸ ನನಗೆ ನಮ್ಮಮ್ಮನಿಂದ ಬಂದದ್ದು. "ಬನ್ನಿ" ಉಳಿಯಿತು ಎಂಬುದನ್ನು ಅಂದು ನಮ್ಮ ಮನೆದೇವರು ನರಸಿಂಹಸ್ವಾಮಿಗೆ ಹೇಳಿದೆ.

ಈಗ ಆ ಹೆಣ್ಣುಮಗಳ ವಿಷಯ. ನಮ್ಮ ವಠಾರ ಮೊದಲು ರಾಗಿ ಹೊಲವಾಗಿತ್ತು ಎಂದು ಓನರಮ್ಮ ಹೇಳುತ್ತಿರುತ್ತಾರೆ. ಈಗ ಅಲ್ಲಿ ಸಾಲಾಗಿ ರೂಮುಗಳು. ಅವಳೂ ಅವಳ ಗಂಡನೂ ಯಾದಗಿರಿ ಕಡೆಯಿಂದ ಬಂದವರು. ಅವನು ಸೆಂಟ್ರಿಂಗ್ ಕೆಲಸಕ್ಕೆ ಹೋಗುವನು, ಇವಳು ಪೀಣ್ಯದ ಒಂದು ಸಣ್ಣ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವಳು. ಕನ್ನಡ ಚೆನ್ನಾಗಿ ಓದುವಳು. ನಾನು ಹೊರಗೆ ಹಾಕಿದ ಹಳೆಯ ಪತ್ರಿಕೆಗಳನ್ನು ರದ್ದಿಯವನಿಗಿಂತ ಮೊದಲು ಎತ್ತಿಕೊಂಡು ಹೋಗುತ್ತಿದ್ದಳು. ಇಂಗ್ಲಿಷ್ ಅಕ್ಷರ ಕಂಡರೆ ಮಾತ್ರ ಮುಖ ಆ ಕಡೆ ತಿರುಗಿಸುವಳು.

ಒಮ್ಮೆ ಅವಳಿಗೆ ಮೈ ಹುಷಾರಿಲ್ಲದಾಗ ಚಿತ್ರಾನ್ನ ಕಟ್ಟಿಕೊಟ್ಟಿದ್ದೆ. ಸಂಜೆ ಡಬ್ಬಿ ತೊಳೆದು ತಂದು, ಬಾಗಿಲಲ್ಲೇ ನಿಂತು ನಕ್ಕಳು.

"ಏನಮ್ಮಾ, ಚೆನ್ನಾಗಿರ್ಲಿಲ್ವಾ?"

"ಭಾಳ ಚೊಲೋ ಇತ್ರಿ ಅಕ್ಕಾರ. ಉಪ್ಪೊಂದು ನಿಮ್ಮ ಮನ್ಯಾಗ ಉಳದಿತ್ತು ಅಷ್ಟ."

ಇವರಿಗೆ ಬಿ.ಪಿ. ಇರುವುದರಿಂದ ನಮ್ಮಲ್ಲಿ ಅಡುಗೆಗೆ ಉಪ್ಪು ಕಮ್ಮಿ. ಬೇಕಾದವರು ತಟ್ಟೆಯಲ್ಲಿ ಹಾಕಿಕೊಳ್ಳುವುದು ರೂಢಿ. ಬಟ್ಟಲು ಎದುರಿಗೇ ಇರುತ್ತದೆ. ಅವಳ ಡಬ್ಬಿಯ ಜೊತೆ ಬಟ್ಟಲು ಹೋಗುವುದಿಲ್ಲವಲ್ಲ! ನನಗೆ ನಾಚಿಕೆಯಾಯಿತು. ಅವಳು ಅದನ್ನೇ ಹೇಳಿಕೊಂಡು ಒಂದು ವಾರ ನಕ್ಕಳು.

ಅವಳ ಸೊಂಟ ನೋಯುತ್ತಿತ್ತು. ಮಿಷನ್ ಮುಂದೆ ಕೂರಲು ಕೊಡುವುದು ಬೆನ್ನಿಲ್ಲದ ಸ್ಟೂಲು. ಬೆಳಿಗ್ಗೆ ಕೂತರೆ ಸಂಜೆಯವರೆಗೂ ಬಗ್ಗಿದ ಬೆನ್ನು ಬಗ್ಗಿದ ಹಾಗೇ. ಕೂತು ಮಾಡುವ ಕೆಲಸ, ನಿಂತು ಮಾಡುವುದಕ್ಕಿಂತ ವಾಸಿ ಅಲ್ವಾ ಎಂದು ನಾನು ತಿಳಿಯದೆ ಅಂದಿದ್ದೆ.

"ಕುಂದ್ರೂದ್ರಾಗ ಎರಡು ನಮೂನಿ ಅದಾವ್ರಿ ಅಕ್ಕಾರ. ಒಂದು ಬಗ್ಗಿ ಕುಂದ್ರೂದು, ಒಂದು ಒರಗಿ ಕುಂದ್ರೂದು. ನಮ್ಮ ಶೆಡ್ಡಿನ್ಯಾಗ ಒರಗೂ ಕುರ್ಚಿ ಒಂದ ಐತಿ. ಅದು ಕಂಪ್ಯೂಟರ್ ಟೇಬಲ್ಲಿಂದು."

ಆ ಟೇಬಲ್ಲಿಗೆ ಇನ್ನೂ ಕಂಪ್ಯೂಟರ್ ಬಂದಿರಲಿಲ್ಲ, ಬರುವುದರಲ್ಲಿತ್ತು. ಯಾವ ಸಾಲಿನಲ್ಲಿ ಎಷ್ಟು ಪೀಸು ಆಯಿತು ಎಂದು ಆಗಾಗ ಅದರಲ್ಲಿ ಹಾಕಬೇಕು, ಅದಕ್ಕೊಬ್ಬರನ್ನು ಕೂರಿಸುತ್ತಾರೆ ಎಂಬ ಸುದ್ದಿ. ಆ ಶೆಡ್ಡಿನ ಕಂಪ್ಯೂಟರ್ ಕೆಲಸವೂ ನಮ್ಮ ಯಜಮಾನರದೇ. ಇವರು ಮಾಲೀಕರ ಹತ್ತಿರ ಮಾತಾಡಿದರು. ಪುಕ್ಕಟೆ ವ್ಯವಸ್ಥೆ ಹಾಕುತ್ತೇನೆ, ಬಾಗಿಲಿನಿಂದ ಒಳಗಿನವರೆಗೂ ಕನ್ನಡದಲ್ಲೇ ಇರುತ್ತದೆ, ಸಾಲಿನ ಹೆಂಗಸರೇ ಮಾಡಬಹುದು, ಈ ಹುಡುಗಿಗೆ ನಾನೇ ಕಲಿಸುತ್ತೇನೆ ಎಂದರು. ಮಾಲೀಕರು "ನೋಡೋಣ ಸಾರ್, ಮಾಡಿ ತೋರಿಸ್ಲಿ, ಕೂರಿಸ್ತೀನಿ" ಅಂದರಂತೆ. ಅಷ್ಟು ಒಪ್ಪಿದ್ದೇ ಹೆಚ್ಚು.

ಅಲ್ಲಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಅವಳ ಪಾಠ. ಮೊದಲ ದಿನ ಇವರು ಅವಳ ಹೆಸರನ್ನು ಕನ್ನಡದಲ್ಲಿ ಬರೆದು ಪರದೆಗೆ ಸೇರಿಸಿದರು. "ಬನ್ನಿ" ಎಂಬುದರ ಕೆಳಗೆ ತನ್ನ ಹೆಸರು ಕಂಡಾಗ ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ನನಗ ಅಂತೈತೇನ್ರಿ ಇದು, ಬನ್ನಿ ಅಂತ?"

"ಇನ್ಯಾರಿಗೆ? ಹೆಸರು ನಿಂದೇ ತಾನೇ?" ಅಂದರು ಇವರು.

"ಶೆಡ್ಡಿನ್ಯಾಗ ಏ, ಬಾರೇ ಅಂತಾರ್ರಿ. ಈ ಪೆಟ್ಟಿಗಿಗೆ ಭಾಳ ಮರ್ಯಾದಿ ಐತಿ."

ನಮ್ಮ ಮನೆಯ ಕುರ್ಚಿ ಪ್ಲಾಸ್ಟಿಕ್ಕಿನದು, ಆದರೆ ಬೆನ್ನಿದೆ. ಅವಳು ಅದರ ತುದಿಯಲ್ಲಿ ಕೂರುವಳು. ಒರಗಮ್ಮಾ ಎಂದರೆ, "ಅಲ್ಲಿ ಒರಗ್ತೀನ್ರಿ, ಇಲ್ಲಿ ಕಲೀತೀನಿ" ಅನ್ನುವಳು. ಬಾಗಿಲಲ್ಲಿ ಹಾದುಹೋಗುವ ಓನರಮ್ಮ, "ಏನವ್ವಾ, ಇಂಗೆ ಕಲ್ತು ನಮ್ ವಠಾರನೆಲ್ಲ ಬರ್ಕೊಂಬುಟ್ಟಿಯಾ!" ಎಂದು ತಮಾಷೆ ಮಾಡುವರು. ಅವಳು ಬೇಗ ಕಲಿತಳು. ತನ್ನ ಹೆಸರು ಒತ್ತುವುದು, ಗುಪ್ತಪದ ಹಾಕುವುದು, ಲೆಕ್ಕದ ಹಾಳೆ ತೆರೆದು ಸಾಲಿಗೆ ಎದುರಾಗಿ ಪೀಸು ತುಂಬುವುದು. ಮುಗಿದ ಮೇಲೆ "ಹೋಗಿ ಬರುವೆ" ಒತ್ತುವಾಗ ಬಾಯಲ್ಲೂ "ಹೋಗಿ ಬರ್ತೀನ್ರಿ" ಎಂದು ಕಂಪ್ಯೂಟರಿಗೆ ಹೇಳುವಳು. ನಾನು ಅವಳಿಗಾಗಿ ಶನಿವಾರಗಳಲ್ಲಿ ಆಂಜನೇಯನಿಗೆ ತುಳಸಿಹಾರ ಹಾಕಿಸುತ್ತಿದ್ದೆ. ಅವಳಿಗೆ ಹೇಳಿರಲಿಲ್ಲ.

ಅದೇ ಹೊತ್ತಿಗೆ ಆ ಪುಕ್ಕಟೆ ವ್ಯವಸ್ಥೆಯ ಹೊಸ ಆವೃತ್ತಿ ಬರುವುದಿತ್ತು. ಇವರು ಕಟ್ಟಿದ ಪ್ಯಾಕೇಜು ಅದರಲ್ಲಿ ಸೇರಿತು. ಕಟ್ಟಿದ್ದನ್ನು ಬೇರೆ ಏನೂ ಇಲ್ಲದ ಖಾಲಿ ಕಂಪ್ಯೂಟರಿನಲ್ಲಿ ಹಾಕಿ ನೋಡುವ ಪದ್ಧತಿ ಇದೆಯಂತೆ. ಅದನ್ನು ಮನುಷ್ಯರು ನೋಡುವುದಿಲ್ಲ, ಇನ್ನೊಂದು ಯಂತ್ರವೇ ನೋಡಿ ಪಾಸು ಅಥವಾ ಫೇಲು ಅನ್ನುತ್ತದೆ. ಪಾಸು ಅಂದಿತು. ಇವರು ನನ್ನ ಹತ್ತಿರ ಬೆಲ್ಲ ಕೇಳಿ ತಿಂದರು.

ಶನಿವಾರ ಇವರು ಶೆಡ್ಡಿಗೆ ಹೋಗಿ ಹೊಸ ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕಿದರು. ಹಾಕುವಾಗ ಎಲ್ಲ ಇಂಗ್ಲಿಷಿನಲ್ಲೇ ಇರುತ್ತದಂತೆ, ಕೊನೆಗೆ ಭಾಷೆ ಬದಲಾಯಿಸುವುದು. ಮನೆಯಲ್ಲೇ ಬರೆದಿಟ್ಟಿದ್ದ ಹೆಸರುಗಳ ಪಟ್ಟಿಯನ್ನು ಪೆನ್‌ಡ್ರೈವಿನಿಂದ ಒಟ್ಟಿಗೇ ಸೇರಿಸಿ, ಕನ್ನಡ ಎಂದು ಆರಿಸುವ ಹೊತ್ತಿಗೆ ಏರಿಯಾದ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ಆರಿಸಿದ್ದನ್ನು ಉಳಿಸಿ, ಆಫ್ ಮಾಡಿ ಬಂದರು. "ಇನ್ನೇನಿದೆ, ಮನೇಲಿ ನೂರು ಸಲ ನೋಡಿದೀನಲ್ಲ" ಅಂದರು. ನನಗೂ ಹೌದೆನಿಸಿತು.

ಸೋಮವಾರ ಅವಳು ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತಳು. "ನೀವೂ ಬರ್ರಿ ಅಕ್ಕಾರ. ಒಬ್ಬಾಕಿಗೇ ಅಂಜಿಕಿ ಬರ್ತೈತ್ರಿ." ಅವಳು ಕಂಪನಿ ಟೆಂಪೊದಲ್ಲಿ ಹೋದಳು, ನಾನು ಆಂಜನೇಯನ ಪ್ರಸಾದ ಹಿಡಿದು ಸ್ಕೂಟರಿನಲ್ಲಿ ಇವರ ಹಿಂದೆ ಹೋದೆ. ಶೆಡ್ಡಿನೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಮಿಷನ್‌ಗಳ ಸದ್ದು ಎದೆಯೊಳಗೇ ಆಗುತ್ತಿದೆ ಅನಿಸುವಂತಿತ್ತು. ಒಂದು ಮೂಲೆಯಲ್ಲಿ ಟೇಬಲ್ಲು, ಅದರ ಮುಂದೆ ಕಪ್ಪು ಕುರ್ಚಿ, ಬೆನ್ನಿಗೆ ಜಾಲರಿ ಇದ್ದದ್ದು. ಸಾಲಿನಲ್ಲಿ ಹೊಲಿಯುತ್ತಿದ್ದ ಹೆಂಗಸರು ತಲೆಯೆತ್ತದೆ ಕಣ್ಣಲ್ಲೇ ನೋಡುತ್ತಿದ್ದರು. ಅವಳು ಪ್ರಸಾದದ ಕುಂಕುಮ ಇಟ್ಟುಕೊಂಡು, ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತಳು.

ಇವರು ಆನ್ ಮಾಡಿದರು. ಪರದೆ ಬಂತು. ಆದರೆ "ಬನ್ನಿ" ಇರಲಿಲ್ಲ. ಆ ಜಾಗದಲ್ಲಿ ಪುಟ್ಟ ಪುಟ್ಟ ಖಾಲಿ ಚೌಕಗಳು. ಅದರ ಕೆಳಗೆ ನಾಲ್ಕು ಸಾಲು, ಮಾಲೀಕರದು, ಲೆಕ್ಕದವರದು, ಅವಳದು, ಕಟಿಂಗ್ ಮಾಸ್ಟರರದು. ಆ ಸಾಲುಗಳೂ ಚೌಕಗಳೇ. ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ವ್ಯತ್ಯಾಸವಿಲ್ಲ.

ಮಾಲೀಕರು ಬಗ್ಗಿ ನೋಡಿದರು. "ಏನ್ ಸಾರ್ ಇದು? ಕಿಟಕಿ ಗ್ರಿಲ್ ಡಿಸೈನಾ?"

ಇವರು ಜೇಬಿನಿಂದ ಫೋನ್ ತೆಗೆದರು. "ಒಂದ್ನಿಮಿಷ ಸಾರ್..."

ಅಷ್ಟರಲ್ಲಿ ಅವಳು ಧೈರ್ಯ ಮಾಡಿದಳು. ನಮ್ಮ ಮನೆಯಲ್ಲಿ ಅವಳ ಹೆಸರು ಕೊನೆಯದು. ಇಲ್ಲಿಯೂ ಕೊನೆಯದೇ ಇರಬೇಕೆಂದು ಕೊನೆಯ ಸಾಲು ಒತ್ತಿದಳು. ಅದು ಮಾಸ್ಟರರದು. ಅವಳ ಗುಪ್ತಪದ ಅಲ್ಲಿ ನಡೆಯಲಿಲ್ಲ. ಕೈ ತಪ್ಪಿತೇನೋ ಎಂದು ಮತ್ತೆ ಹಾಕಿದಳು, ಮತ್ತೆ ಹಾಕಿದಳು. ಕೆಂಪು ಬಣ್ಣದಲ್ಲಿ ಏನೋ ಬಂತು. "ಸ್ವಲ್ಪ ಹೊತ್ತು ತಡೆಯಿರಿ" ಎಂಬುದು ಅದು, ನಾನೇ ಹೇಳಿಕೊಟ್ಟಿದ್ದ ಮಾತು. ಈಗ ಕೆಂಪು ಚೌಕಗಳು. ಅವಳು ಅವುಗಳ ಮೇಲೆ ಬೆರಳಿಟ್ಟು, ಓದುವವಳಂತೆ ಎಡದಿಂದ ಬಲಕ್ಕೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ನನಗ ಓದಾಕ ಬರವಲ್ದು."

ಅವಳಿಗೆ ಓದಲು ಬಾರದ್ದು ಅಲ್ಲಿ ಏನೂ ಇರಲಿಲ್ಲ. ಓದುವಂಥದ್ದೇ ಇರಲಿಲ್ಲ. ಆದರೆ ಶೆಡ್ಡಿಗೆ ಕೇಳಿಸಿದ್ದು ಅವಳ ಮಾತು. ಹತ್ತಿರದ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇವರು ಫೋನಿನಿಂದ ಇಂಟರ್‌ನೆಟ್ ಹಿಡಿಯಲು ಒದ್ದಾಡಿದರು. ತಗಡಿನ ಶೆಡ್ಡು, ಸಿಗ್ನಲ್ ಬರಲಿಲ್ಲ. ಹತ್ತು ನಿಮಿಷ ಕೊಡಿ ಎಂದರು. ಬಟ್ಟೆ ಆರ್ಡರ್ ಕೊಡುವವರ ಕಡೆಯಿಂದ ಯಾರೋ ಬರುವ ಹೊತ್ತಾಗಿತ್ತು. ಮಾಲೀಕರು ಕೆಟ್ಟವರಲ್ಲ, ಬೈಯಲಿಲ್ಲ.

"ಪರ್ವಾಗಿಲ್ಲ ಬಿಡಿ ಸಾರ್. ಇಂಗ್ಲಿಷಲ್ಲೇ ಹಾಕ್ಬಿಡಿ. ಡಿಪ್ಲೊಮಾ ಮಾಡಿರೋ ಹುಡುಗಿ ಒಬ್ಳು ಕೇಳ್ತಾ ಇದ್ಳು, ಅವಳನ್ನ ಕೂರಿಸ್ತೀನಿ. ಇವ್ಳು ಕಾಲರ್ ಚೆನ್ನಾಗಿ ಹೊಲೀತಾಳೆ, ಅಲ್ಲೇ ಇರ್ಲಿ."

ಅವಳು ಎದ್ದಳು. ಕುರ್ಚಿಯನ್ನು ಟೇಬಲ್ಲಿನೊಳಕ್ಕೆ ಸರಿಸಿ ಸರಿಯಾಗಿ ಇಟ್ಟಳು. ತನ್ನ ಸ್ಟೂಲಿಗೆ ಹೋಗಿ ಕೂತಳು. ಆ ಕುರ್ಚಿಗೆ ಅವಳು ಒರಗಿದ್ದನ್ನು ನಾನು ನೋಡಲೇ ಇಲ್ಲ.

ಮನೆಗೆ ಬಂದು ಇವರು ನಮ್ಮ ಕಂಪ್ಯೂಟರ್ ಆನ್ ಮಾಡಿದರು. "ಬನ್ನಿ" ಎಂದು ದುಂಡಗೆ ಬಂತು. "ಇಲ್ಲಿ ಸರಿ ಇದೆಯಲ್ಲೇ!" ಎಂದು ನನ್ನನ್ನೇ ಗದರಿಸಿದರು. ಆಮೇಲೆ ಅಟ್ಟದ ಮೇಲಿದ್ದ ಹಳೆಯ ಪೆಟ್ಟಿಗೆ ಇಳಿಸಿ, ಅದಕ್ಕೆ ಎಲ್ಲವನ್ನೂ ಹೊಸದಾಗಿ ಹಾಕಿ ನೋಡಿದರು. ಚೌಕಗಳು. ಆಗ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ಕಣ್ಣು ಮುಚ್ಚಿಕೊಂಡರು.

"ಅಕ್ಷರ ಇಲ್ಲ ಕಣೇ ಅದ್ರಲ್ಲಿ. ಕನ್ನಡ ಫಾಂಟೇ ಇಲ್ಲ. ಈ ಕಂಪ್ಯೂಟರಿಗೆ ನಾನು ಯಾವತ್ತೋ ಹಾಕಿದ್ದೆ, ನಿನಗೆ ಪೇಪರ್ ಓದೋಕೆ ಅಂತ. ಇತ್ತು, ಅದಕ್ಕೇ ಕಂಡಿದೆ. ಮಾತೆಲ್ಲಾ ಕನ್ನಡದಲ್ಲಿ ಕಟ್ಟಿ ಕಳಿಸ್ದೆ, ಜೊತೆಗೆ ಅಕ್ಷರ ಬೇಕು ಅಂತ ಬರೀಲಿಲ್ಲ."

"ಆ ಖಾಲಿ ಯಂತ್ರ ಪಾಸು ಅಂದಿತ್ತಲ್ಲ?"

"ಅಕ್ಷರ ಇಲ್ಲದಿದ್ರೆ ಯಂತ್ರಕ್ಕೆ ಅದು ತಪ್ಪಲ್ಲ. ಓದೋರಿಗೆ ಮಾತ್ರ ತಪ್ಪು."

ನಾನು ಉಪ್ಪಿನ ಬಟ್ಟಲಿನ ಕಡೆ ನೋಡಿದೆ. ಅವರೂ ಆ ಕಡೆಯೇ ನೋಡುತ್ತಿದ್ದರು ಅನಿಸಿತು. ಅವಳು ನಕ್ಕು ಹೇಳಿದ್ದು ನಮ್ಮಿಬ್ಬರಿಗೂ ಕೇಳಿತ್ತು. ಅದು ನನ್ನ ಡಬ್ಬಿಯ ಮಾತು ಮಾತ್ರ ಎಂದುಕೊಂಡಿದ್ದೆವು.

ಅಂದು ಸಂಜೆ ದೀಪ ಹಚ್ಚಿ ನಿಂತವಳಿಗೆ ಹೇಳಲು ಏನೂ ತೋಚಲಿಲ್ಲ. ಕೊನೆಗೆ, ಮಾಲೀಕರು ಅವಳ ಕೆಲಸ ತೆಗೆಯಲಿಲ್ಲವಲ್ಲ ತಂದೆ, ಅಷ್ಟಾದರೂ ಮಾಡಿದೆ ಅಂದೆ. ಅಂದದ್ದು ನಿಜ. ಮನಸ್ಸಿಗೆ ಅದು ಇಳಿಯಲಿಲ್ಲ ಎಂಬುದೂ ನಿಜ.

ಇವರು ಬೇಗನೆ ಸರಿಮಾಡಿದರು. ಕನ್ನಡದ ಮಾತುಗಳು ಎಲ್ಲಿಗೆ ಹೋದರೂ ಕನ್ನಡದ ಅಕ್ಷರಗಳೂ ಜೊತೆಗೆ ಹೋಗಬೇಕೆಂದು ಬರೆದು ಪ್ಯಾಕೇಜನ್ನು ಮತ್ತೆ ಕಟ್ಟಿ ಕಳಿಸಿದರು. ಈ ಸಲ ಏನು ಬದಲಾಯಿಸಿದೆ ಎಂದು ಒಂದು ಸಾಲು ಬರೆಯುವುದು ಅವರಲ್ಲಿ ನಿಯಮ. "ಬಿಟ್ಟುಹೋಗಿದ್ದ ಕನ್ನಡ ಫಾಂಟ್ ಸೇರಿಸಿದೆ" ಎಂದು ಬರೆದರಂತೆ.

"ಅವಳ ವಿಷಯ ಬರೀಲಿಲ್ವಾ?" ಎಂದು ಕೇಳಿದೆ.

"ಅದಕ್ಕೆಲ್ಲಾ ಅಲ್ಲಿ ಜಾಗ ಇರಲ್ಲ ಕಣೇ."

ಈಗ ಎಲ್ಲೋ ಬೀದರದಲ್ಲೋ ಕೋಲಾರದಲ್ಲೋ ಯಾರಾದರೂ ಆ ವ್ಯವಸ್ಥೆ ಹಾಕಿಕೊಂಡರೆ ಮೊದಲ ದಿನವೇ "ಬನ್ನಿ" ಎಂದು ಬರುತ್ತದೆ. ಅದು ಸಣ್ಣ ಉಪಕಾರವಲ್ಲ. ಆದರೆ ಬೇಕಾಗಿದ್ದವಳಿಗೆ ಬೇಕಾಗಿದ್ದ ದಿನ ಬರಲಿಲ್ಲ. ಆ ಶೆಡ್ಡಿಗೆ ಇವರು ಎರಡು ಸಲ ಹೋಗಿ ಮಾಲೀಕರಿಗೆ ಕೇಳಿದರು. ಟೇಬಲ್ಲಿಗೆ ಆಗಲೇ ಬೇರೆ ಹುಡುಗಿ ಬಂದಾಗಿತ್ತು. ಅವಳೂ ಯಾರದೋ ಮನೆಯ ಮಗಳೇ, ಎಬ್ಬಿಸಿ ಎನ್ನಲು ನಮಗೇನು ಬಾಯಿದೆ?

ಪಕ್ಕದ ರೂಮಿನವಳು ನಮ್ಮ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹಗುರವಾಗುತ್ತಿತ್ತು. ನಲ್ಲಿ ಹತ್ತಿರ ಸಿಕ್ಕಾಗ "ಊಟ ಆತೇನ್ರಿ ಅಕ್ಕಾರ" ಎಂದು ಮೊದಲಿನ ಹಾಗೇ ಕೇಳುವಳು. ಭಾನುವಾರ ಮಾತ್ರ ಬರುವುದನ್ನು ಬಿಟ್ಟಳು. ಕರೆದರೆ ಓವರ್‌ಟೈಮ್ ಐತ್ರಿ ಅನ್ನುವಳು. ಕೆಲವು ಭಾನುವಾರ ಅವಳ ರೂಮಿನಲ್ಲಿ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಹಳೆಯ ಪತ್ರಿಕೆಗಳು ಹೊರಗಿಟ್ಟಲ್ಲೇ ಇರತೊಡಗಿದವು, ರದ್ದಿಯವನು ಬಂದು ಒಯ್ಯುತ್ತಿದ್ದ.

ಆಮೇಲೆ ಗಂಡನಿಗೆ ಬೇಗೂರಿನ ಕಡೆ ದೊಡ್ಡ ಕಟ್ಟಡದ ಕೆಲಸ ಸಿಕ್ಕಿ, ಅವರು ರೂಮು ಬಿಡುವುದೆಂದಾಯಿತು. ಅಲ್ಲೂ ಹತ್ತಿರದಲ್ಲಿ ಗಾರ್ಮೆಂಟ್ಸ್ ಇದೆಯಂತೆ. ಹೊರಡುವ ದಿನ ಹೇಳಿಹೋಗಲು ಬಂದಳು. ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ಬ್ಲೌಸ್ ಪೀಸು ಹಾಕಿದೆ. ಇವರು ಅಲ್ಲಿಯವರೆಗೆ ಪೇಪರ್ ಹಿಡಿದು ಕೂತಿದ್ದವರು ಎದ್ದರು.

"ಒಂದ್ನಿಮಿಷ ಬಾಮ್ಮಾ. ಅದನ್ನ ಸರಿ ಮಾಡಿದೀನಿ. ಹೊಸ ಪ್ಯಾಕೇಜ್ ಇದಕ್ಕೂ ಹಾಕಿದೀನಿ. ನೋಡು ಬಾ."

ಅವಳು ನನ್ನ ಮುಖ ನೋಡಿ, ಒಳಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಇವರು ಆನ್ ಮಾಡಿ ಪಕ್ಕಕ್ಕೆ ಸರಿದು ನಿಂತರು, ಪರೀಕ್ಷೆ ಬರೆದು ಮೇಷ್ಟರ ಮುಂದೆ ನಿಂತವರ ಹಾಗೆ. "ಬನ್ನಿ" ಬಂತು. ಕೆಳಗೆ ಮೂರು ಹೆಸರು ಬಂದವು. ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಇಲ್ಲಿ ಮೊದಲಿಂದನೂ ಹಿಂಗ ಇತ್ತಲ್ರಿ ಸರ" ಅಂದಳು.

ಅದರಲ್ಲಿ ಕೊಂಕು ಇರಲಿಲ್ಲ. ಕಂಡದ್ದನ್ನು ಹೇಳಿದಳು ಅಷ್ಟೆ. ಇವರು ಏನೋ ವಿವರಿಸಲು ಹೊರಟು, ಮೌಸನ್ನು ಅವಳ ಕಡೆ ಸರಿಸಿದರು. ಏನೆಂದು ವಿವರಿಸುವುದು? ಬದಲಾದದ್ದೆಲ್ಲ ಬೇರೆಯವರ ಮನೆಗಳಲ್ಲಿ. ನಮ್ಮ ಮನೆಯಲ್ಲಿ ಕಾಣಲು ಏನೂ ಇರಲಿಲ್ಲ.

ಅವಳು ತನ್ನ ಹೆಸರು ಒತ್ತಿ, ಗುಪ್ತಪದ ಹಾಕಿ ಒಳಗೆ ಹೋದಳು. ಮರೆತಿರಲಿಲ್ಲ. ಲೆಕ್ಕದ ಹಾಳೆ ತೆರೆದು, ಅದರಲ್ಲಿ ಹಿಂದೆ ತಾನೇ ಕಲಿಯಲೆಂದು ತುಂಬಿದ್ದನ್ನು ನೋಡುತ್ತ, ಹಿಂದಕ್ಕೆ ಒರಗಿದಳು. ಎರಡೂ ಕೈ ಮಡಿಲಿನ ಮೇಲೆ, ಬ್ಲೌಸ್ ಪೀಸಿನ ಮೇಲೆ. ಹೊರಗೆ ಗಂಡ ಆಟೋದವನಿಗೆ ಸಾಮಾನು ಏರಿಸಲು ಹೇಳುತ್ತಿದ್ದ, ಒಮ್ಮೆ ಕೂಗಿದ. ಅವಳು ಬಾಯಲ್ಲಿ ಏನೂ ಹೇಳದೆ "ಹೋಗಿ ಬರುವೆ" ಒತ್ತಿದಳು. ಎದ್ದು ಕುರ್ಚಿಯನ್ನು ಒಳಕ್ಕೆ ಸರಿಸಿ ಇಟ್ಟಳು. ಬಾಗಿಲಲ್ಲಿ ನಿಂತು "ಬರ್ತೀನ್ರಿ ಅಕ್ಕಾರ" ಅಂದಳು. ನಾನು "ಬಾಮ್ಮಾ" ಅಂದೆ.

ಅಂದು ಸಂಜೆ ದೀಪ ಹಚ್ಚಿದೆ. ಆ ದಿನದ್ದೆಂದು ದೇವರಿಗೆ ಹೇಳಿದ್ದು ಒಂದೇ. ಅವಳು ನಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಒರಗಿ ಕೂತಿದ್ದಳು ಎಂದೆ.